ಲೀಡರ್ ಹೆಂಡತಿಯ ಸಂಬಳ

ನನಗೆ ಸಂಬಳ ಕೊಡಬೇಕೋ ಬೇಡವೋ ಎಂದು ಗಂಡಸರೆಲ್ಲ ನಮ್ಮ ಹಾಲಿನಲ್ಲಿ ಕೂತು ಚರ್ಚೆ ಮಾಡಿದಾಗ ನಾನು ಪಕ್ಕದ ಅಡುಗೆಮನೆಯಲ್ಲಿ ಅವರಿಗೇ ಟೀ ಸೋಸುತ್ತಿದ್ದೆ. ನಡುವೆ ಇದ್ದದ್ದು ಒಂದು ಬಟ್ಟೆಯ ಪರದೆ ಮಾತ್ರ. ಒಳಗೆ ಬಾ, ನೀನೇನು ಹೇಳ್ತೀಯ ಎಂದು ಯಾರೂ ಕೇಳಲಿಲ್ಲ. ನನ್ನ ಟೀಗೆ ಸಕ್ಕರೆ ಕಮ್ಮಿ ಇರಲಿ ಅಕ್ಕ ಎಂದು ಒಬ್ಬ ಕೂಗಿ ಹೇಳಿದ, ಅಷ್ಟೇ.

ಆಗ ನಾವಿದ್ದದ್ದು ಬಾಗಲಗುಂಟೆಯಲ್ಲಿ. ತುಮಕೂರು ರಸ್ತೆಯ ಮೇಲೆ ಮೇಲ್ಸೇತುವೆ ಕಟ್ಟುತ್ತಿದ್ದ ವರ್ಷಗಳು. ಬೆಳಿಗ್ಗೆ ಒಗೆದು ಹಾಕಿದ ಬಿಳಿ ಅಂಗಿ ಸಂಜೆಗೆ ಸಿಮೆಂಟಿನ ಬಣ್ಣಕ್ಕೆ ತಿರುಗುತ್ತಿತ್ತು. ನಮ್ಮನೆಯವರು ಪೀಣ್ಯದಲ್ಲಿ ಲಾರಿಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ, ತಗಡು ಒತ್ತುವ ಪ್ರೆಸ್ ಶಾಪಿನಲ್ಲಿದ್ದರು. ಹೆಸರಿಗೆ ಯೂನಿಯನ್ನಿನ ಪ್ರಧಾನ ಕಾರ್ಯದರ್ಶಿ, ಬಾಯಿಮಾತಿಗೆ ಎಲ್ಲರಿಗೂ ಲೀಡರ್ರು. ಒಂದು ಮುಷ್ಕರ ಮುಗಿದ ಮೇಲೆ ಕಂಪನಿ ಅವರನ್ನು ವಜಾ ಮಾಡಿತು. ಕೇಸು ಲೇಬರ್ ಕೋರ್ಟಿಗೆ ಹೋಯಿತು, ಅಲ್ಲಿ ವಾಯಿದೆಯ ಮೇಲೆ ವಾಯಿದೆ. ಯೂನಿಯನ್ನು ಅವರ ಕೈ ಬಿಡಲಿಲ್ಲ. ಪೂರ್ತಿ ಹೊತ್ತು ಯೂನಿಯನ್ ಕೆಲಸ ನೋಡಿಕೊಳ್ಳಿ ಎಂದು ಗೌರವಧನ ಗೊತ್ತುಮಾಡಿತು. ಅದನ್ನು ಸಂಬಳ ಅನ್ನುವ ಹಾಗಿರಲಿಲ್ಲ. ವಜಾ ಆದವನು ಬೇರೆ ಕಡೆ ಸಂಬಳಕ್ಕಿದ್ದಾನೆ ಎಂದು ಕಂಪನಿಯ ವಕೀಲರಿಗೆ ಗೊತ್ತಾದರೆ ಹಿಂದಿನ ಬಾಕಿ ವೇತನದ ಆಸೆ ಬಿಡಬೇಕಾಗುತ್ತದಂತೆ. ಈ ಕಾನೂನಿನ ಸೂಕ್ಷ್ಮ ನನಗೂ ಬಾಯಿಪಾಠವಾಗಿತ್ತು. ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಸಾಕೇ ಅನ್ನುವ ಮಾತಿಗಿಂತ ಹೆಚ್ಚು ಬರುತ್ತಿದ್ದದ್ದು ಇಂಥ ಮಾತೇ.

ನಾನು ಗಾರ್ಮೆಂಟ್ಸಿಗೆ ಹೋಗುತ್ತಿದ್ದೆ. ಶರಟಿಗೆ ಕಾಲರ್ ಕೂರಿಸುವ ಕೆಲಸ. ಸೂಪರ್‌ವೈಸರ್ ಬಾಯಿ ಕೆಟ್ಟದು, ನನ್ನದೂ ಏನು ಕಡಿಮೆ ಇರಲಿಲ್ಲ. ಸೊಂಟ ನೋಯುತ್ತಿತ್ತು, ನಿಜ. ಆದರೆ ಆ ಕೆಲಸದಿಂದ ಕೈಗೆ ಬರುವ ದುಡ್ಡಿನ ಜೊತೆಗೆ ಇನ್ನೊಂದು ಬರುತ್ತಿತ್ತು. ಇಎಸ್‌ಐ ಕಾರ್ಡು. ಸಂಬಳದಲ್ಲಿ ಚೂರು ಹಿಡಿದುಕೊಂಡರೆ ಮನೆಮಂದಿಗೆಲ್ಲ ಡಾಕ್ಟರು, ಮಾತ್ರೆ, ಆಸ್ಪತ್ರೆ ಬಿಟ್ಟಿ. ಪೀಣ್ಯದಲ್ಲಿ ಕೆಲಸಕ್ಕಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮನೆಯವರಿಗೆ ಬಿಪಿ ಇತ್ತು. ಮೂವತ್ತೆಂಟಕ್ಕೇ ಬಂದದ್ದು, ಅವರಪ್ಪನಿಗೂ ಇತ್ತಂತೆ. ವಜಾ ಆದ ಮೇಲೆ ಅವರ ಕಾರ್ಡು ನಿಂತುಹೋಯಿತು. ಆಮೇಲೆ ಅವರು ಮಾತ್ರೆ ತರುತ್ತಿದ್ದದ್ದು ನನ್ನ ಕಾರ್ಡು ಹಿಡಿದುಕೊಂಡು. ಮ್ಯಾನೇಜ್‌ಮೆಂಟನ್ನು ನಡುಗಿಸುತ್ತಿದ್ದ ಮನುಷ್ಯ ಡಿಸ್ಪೆನ್ಸರಿಯ ಸಾಲಿನಲ್ಲಿ ಹೆಂಡತಿಯ ಹೆಸರು ಹೇಳಿ ನಿಂತುಕೊಳ್ಳುವುದು ನೋಡಿ ನಾನು ರೇಗಿಸುತ್ತಿದ್ದೆ. ಅವರೂ ನಗುತ್ತಿದ್ದರು. ಆ ದಿನಗಳಲ್ಲಿ ನಾವು ನಗುತ್ತಿದ್ದೆವು.

ಆ ಕೆಲಸ ಬಿಡಿಸಿದ್ದು ಯೂನಿಯನ್ ಕಮಿಟಿ. ಬಿಡಿಸಿದ್ದು ಅಂದರೆ ಅವರು ಒಪ್ಪುವುದಿಲ್ಲ, ನಾವು ಕೇಳಿಕೊಂಡೆವು ಅನ್ನುತ್ತಾರೆ. ಲೀಡರ್ ಹೆಂಡತಿ ಇನ್ನೊಬ್ಬ ಮಾಲೀಕನ ಕೈಕೆಳಗೆ ಬೈಸಿಕೊಂಡು ದುಡಿಯುವುದು ಯೂನಿಯನ್ನಿಗೆ ಶೋಭೆಯಲ್ಲ ಎಂಬುದು ಒಂದು ಕಾರಣ. ಮಾಲೀಕರು ಮಾಲೀಕರು ಒಂದೇ, ನಾಳೆ ಆಕೆಯ ಮೂಲಕ ಲೀಡರ್ ಮೇಲೆ ಒತ್ತಡ ತಂದರೆ ಎಂಬುದು ಇನ್ನೊಂದು. ಯಾರೂ ಬಾಯಿಬಿಟ್ಟು ಹೇಳದ ಮೂರನೆಯ ಕಾರಣವೇ ನಿಜವಾದದ್ದು. ಕಾರ್ಖಾನೆಯ ಒಳಗಿದ್ದ ಯೂನಿಯನ್ ಕೋಣೆಗೆ ಕಂಪನಿ ಬೀಗ ಹಾಕಿತ್ತು. ಹಾಗಾಗಿ ನಮ್ಮ ಮನೆಯೇ ಯೂನಿಯನ್ ಆಫೀಸಾಗಿತ್ತು. ಆಫೀಸಿನ ಬಾಗಿಲು ದಿನವಿಡೀ ತೆಗೆದಿಡುವವರು ಒಬ್ಬರು ಬೇಕಿತ್ತು.

ನಾನು ಒಪ್ಪಲಿಲ್ಲ. ಕಾರ್ಡಿನ ಮಾತೆತ್ತಿದೆ. ಬಿಟ್ಟ ಮೇಲೂ ಕೆಲವು ತಿಂಗಳು ಕಾರ್ಡು ನಡೆಯುತ್ತದೆ, ಅಷ್ಟರಲ್ಲಿ ನನ್ನ ಕೇಸೂ ಮುಗಿಯುತ್ತದೆ ಎಂದರು ನಮ್ಮನೆಯವರು. ಅವರು ಗದರಿಸುವವರಲ್ಲ. ಗದರಿಸಿದ್ದರೆ ನಾನು ಗೆದ್ದುಬಿಡುತ್ತಿದ್ದೆ. ಮೆಲ್ಲಗೆ, ನನ್ನ ಕೈ ಹಿಡಿದುಕೊಂಡು, ಹುಡುಗರು ನಂಬಿಕೊಂಡು ಬಂದಿದಾರೆ ಕಣೇ ಎಂದರು. ಆ ವಾರವೇ ಬಿಟ್ಟೆ.

ಆಮೇಲಿನ ದಿನಗಳನ್ನು ಹೇಗೆ ಹೇಳಲಿ? ಬೆಳಿಗ್ಗೆ ಮೊದಲ ಶಿಫ್ಟಿಗೆ ಹೋಗುವವರು ಬಂದು ಕೂರುತ್ತಿದ್ದರು, ರಾತ್ರಿ ಶಿಫ್ಟು ಮುಗಿಸಿದವರು ಕಣ್ಣುಜ್ಜಿಕೊಂಡು ಬರುತ್ತಿದ್ದರು. ಹಾವೇರಿ, ಗದಗದ ಕಡೆಯಿಂದ ಬಂದು ಕಾಂಟ್ರ್ಯಾಕ್ಟಿನಲ್ಲಿದ್ದ ಹುಡುಗರಿಗೆ ರೂಮು ಸಿಗುವ ತನಕ ನಮ್ಮ ಹಾಲೇ ಮಲಗುವ ಜಾಗ. ಎಲ್ಲರಿಗೂ ಟೀ, ಇದ್ದವರಿಗೆ ಚಿತ್ರಾನ್ನ, ಕೋರ್ಟಿಗೆ ಹೋಗುವವರಿಗೆ ಬುತ್ತಿ. ಇಷ್ಟೇ ಆಗಿದ್ದರೆ ಸೈ ಅನ್ನಬಹುದಿತ್ತು. ಯಾರದೋ ಗಂಡ ಸಂಬಳದ ದಿನ ಮನೆಗೇ ಬಂದಿಲ್ಲ ಎಂದು ಅತ್ತುಕೊಂಡು ಬಂದವಳನ್ನು ಸಮಾಧಾನ ಮಾಡುವುದು, ಅವನನ್ನು ಹುಡುಕಿಸಿ ಉಗಿಯುವುದು, ಪ್ರೆಸ್ಸಿಗೆ ಬೆರಳು ಕೊಟ್ಟ ಹುಡುಗನ ತಾಯಿ ಊರಿನಿಂದ ಬಂದರೆ ಅವಳ ಪಕ್ಕ ಕೂತು ವಿಷಯ ಹೇಳುವುದು. ಕಮಿಟಿಯ ಗಂಡಸರು ಅಂಥ ಹೊತ್ತಿನಲ್ಲಿ ಬೀಡಿ ಸೇದಲು ಆಚೆ ಹೋಗುತ್ತಿದ್ದರು. ಪೊಲೀಸರು ನಮ್ಮನೆಯವರನ್ನು ಹುಡುಕಿಕೊಂಡು ಬಂದಾಗ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದವಳೂ ನಾನೇ. ಕೆಲವನ್ನು ಇಷ್ಟಪಟ್ಟು ಮಾಡುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ನನ್ನ ಮಾತಿಗೆ ಬೆಲೆ ಇತ್ತು. ಆದರೆ ಸಂಜೆ ಪಾತ್ರೆಯ ರಾಶಿ ನೋಡಿದಾಗ ಮೈಯೆಲ್ಲ ಉರಿಯುತ್ತಿತ್ತು.

ಮನೆ ಓನರ್ ಅಮ್ಮ ಮೇಲಿನ ಮಹಡಿಯಲ್ಲಿದ್ದರು. ಆ ಜಾಗದಲ್ಲೆಲ್ಲ ರಾಗಿ ಹೊಲವಿದ್ದ ಕಾಲ ಕಂಡವರು, ಈಗ ಬಾಡಿಗೆ ಎಣಿಸುವವರು. ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ನಮ್ಮ ಮನೆಯ ಮೆರವಣಿಗೆ ನೋಡುತ್ತಿದ್ದರು. ಒಂದು ದಿನ ಕೇಳಿದರು, “ಇಂಗೆ ಮೂರೊತ್ತೂ ಚಾಕ್ರಿ ಮಾಡ್ತೀಯಲ್ಲಾ, ನಿಂಗೇನ್ ಕೊಡ್ತಾರವ್ವಾ?”

ಏನೂ ಇಲ್ಲ ಅಮ್ಮ ಎಂದೆ. ಅವರು ನನ್ನ ಮುಖ ನೋಡಿ ಮತ್ತೆ ಅವರೆಕಾಯಿಗೆ ಬಗ್ಗಿದರು. ನನಗೆ ಅವರ ಮೇಲೆ ಯಾಕೋ ಕೋಪ ಬಂತು.

ಸಂಬಳದ ಚರ್ಚೆ ಶುರುವಾದದ್ದು ತಮಾಷೆಗೆ. ಕಮಿಟಿ ಮೀಟಿಂಗಿಗೆ ಜನ ಸೇರುವ ತನಕ ಒಬ್ಬರು ಪೇಪರ್ ಓದಿ ಹೇಳುವುದು ರೂಢಿ. ಅವತ್ತು ಯಾವುದೋ ದೇಶದ ಅಧ್ಯಕ್ಷರ ಹೆಂಡತಿಗೆ ಸರ್ಕಾರ ಸಂಬಳ ಕೊಡಬೇಕೇ ಎಂಬ ಸುದ್ದಿ ಬಂದಿತ್ತು. ಬಂದ ಅತಿಥಿಗಳನ್ನು ನೋಡಿಕೊಳ್ಳುತ್ತಾಳೆ, ಗಂಡನ ಜೊತೆ ದೇಶ ಸುತ್ತುತ್ತಾಳೆ, ತನ್ನ ಸ್ವಂತ ಕೆಲಸ ಬಿಟ್ಟಿದ್ದಾಳೆ, ಹಾಗಾಗಿ ಕೊಡಬೇಕು ಎಂದು ಕೆಲವರು. ಅವಳನ್ನು ಯಾರೂ ಆರಿಸಿಲ್ಲ, ಯಾರೂ ನೇಮಕ ಮಾಡಿಲ್ಲ, ಜನರ ದುಡ್ಡು ಯಾಕೆ ಕೊಡಬೇಕು ಎಂದು ಇನ್ನು ಕೆಲವರು. ನಮ್ಮ ಹುಡುಗರಿಗೆ ಸಿಕ್ಕಾಪಟ್ಟೆ ನಗು. ಅರಮನೆಯಂಥ ಮನೆ, ಆಳುಕಾಳು, ವಿಮಾನ, ಅವಳಿಗಿನ್ನೇನು ಕಡಿಮೆ ಗುರು ಅಂದ ಒಬ್ಬ. ನಾನು ಒಳಗೆ ಈರುಳ್ಳಿ ಹೆಚ್ಚುತ್ತಾ, ಆಳುಕಾಳಿದ್ದರೆ ಅವಳು ಮಾಡುವುದಾದರೂ ಏನು ಎಂದುಕೊಂಡೆ. ಅದೇ ಕ್ಷಣಕ್ಕೆ, ಅವಳೂ ತನ್ನ ಕೆಲಸ ಬಿಟ್ಟಳಂತೆ ಅನ್ನುವುದು ತಲೆಯಲ್ಲಿ ಕೂತುಬಿಟ್ಟಿತು.

ನಗು ತಣ್ಣಗಾದ ಮೇಲೆ ಖಜಾಂಚಿ ಬಾಯಿಬಿಟ್ಟರು. ಕಮಿಟಿಯಲ್ಲಿ ಎಲ್ಲರಿಗಿಂತ ಹಿರಿಯರು ಅವರು, ರಿಟೈರಾಗಲು ಹತ್ತಿರವಿದ್ದವರು. ಹಿಂದಿನ ವಾರ ಅವರ ಹತ್ತಿರ ನನ್ನ ಕಾರ್ಡು ಇನ್ನೇನು ನಿಲ್ಲುತ್ತದೆ ಎಂದು ಹೇಳಿಕೊಂಡಿದ್ದೆ. ನಮ್ಮ ಯೂನಿಯನ್ನಿನವರೇ ನಡೆಸುತ್ತಿದ್ದ ಸೊಸೈಟಿ ಒಂದಿತ್ತು. ದಿನಸಿ ಅಂಗಡಿ, ಕ್ಯಾಂಟೀನು ಎಲ್ಲ ಸೇರಿ ಅಲ್ಲಿ ಸಾಕಷ್ಟು ಜನ ಸಂಬಳಕ್ಕಿದ್ದರು, ಅವರಿಗೆಲ್ಲ ಇಎಸ್‌ಐ ಕಟ್ಟುತ್ತಿದ್ದರು. ಈಯಮ್ಮನನ್ನೂ ಸೊಸೈಟಿಯ ಲೆಕ್ಕಕ್ಕೆ ಸೇರಿಸಿಕೊಳ್ಳೋಣ, ಆಫೀಸ್ ಸಹಾಯಕಿ ಅಂತ ಸಣ್ಣ ಸಂಬಳ ಮಾಡೋಣ, ಕೆಲಸವನ್ನಂತೂ ಆಕೆ ಮಾಡುತ್ತಲೇ ಇದ್ದಾರೆ, ಹೇಗೂ ಲೀಡರ್ ಹೆಸರಲ್ಲಿ ಮಾಡುವ ಹಾಗಿಲ್ಲ, ಹೀಗಾದರೆ ಮನೆಗೊಂದು ಕಾರ್ಡಾದರೂ ಇರುತ್ತದೆ ಎಂದರು.

ಅವರ ಮಾತು ಕೇಳಲೆಂದು ನಾನು ಸ್ಟೌ ಸಣ್ಣ ಮಾಡಿದೆ. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದರು. ಒಬ್ಬ ಕೊಡಬೇಕು ಅಂದ. ಒಬ್ಬ, ಇವತ್ತು ಇವರಿಗೆ ಕೊಟ್ಟರೆ ನಾಳೆ ನಮ್ಮ ಯೂನಿಯನ್ ಅಧ್ಯಕ್ಷರ ಹೆಂಡತಿಯೂ ಕೇಳುತ್ತಾರೆ ಅಂದ. ಮಕ್ಕಳಿಲ್ಲ ಮರಿಯಿಲ್ಲ, ಅಕ್ಕನಿಗೂ ಹೊತ್ತು ಹೋಗಬೇಕಲ್ಲ ಎಂದು ಇನ್ನೊಬ್ಬ ಮೆಲ್ಲಗೆ ಅಂದದ್ದು ನನ್ನ ಕಿವಿಗೆ ಬಿತ್ತು. ಅವನು ನಮ್ಮ ಮನೆಯಲ್ಲಿ ಒಂದು ತಿಂಗಳು ಉಂಡವನು. ಈಗಲೂ ಅವನ ಮುಖ ನೆನೆದರೆ ನನಗೆ ಒಳ್ಳೆಯ ಮಾತು ಬರುವುದಿಲ್ಲ.

ಕೊನೆಗೆ ನಮ್ಮನೆಯವರು ಮಾತಾಡಿದರು. ಗೇಟಿನಲ್ಲಿ ಭಾಷಣ ಮಾಡುವಾಗಿನ ಗಂಟಲಲ್ಲ, ಮನೆಯ ಗಂಟಲು.

“ಇದು ಬೇಡ. ಲೀಡರ್ ಹೆಂಡ್ತಿಗೆ ಸೊಸೈಟಿ ದುಡ್ಡು ಅಂತ ನಾಳೆ ಮ್ಯಾನೇಜ್‌ಮೆಂಟು ನೋಟಿಸ್ ಬೋರ್ಡಿಗೆ ಅಂಟಿಸ್ತಾರೆ. ಅಷ್ಟಕ್ಕೂ ಅವಳು ಮಾಡೋದು ಕೆಲಸ ಅಲ್ಲ, ನನ್ನ ಜೊತೆ ಇರೋದು.”

ಕೈ ಎತ್ತಿಸಿದರು. ಪರದೆಯ ಸಂದಿಯಿಂದ ನೋಡಿದೆ. ಬೇಡ ಅನ್ನುವವರ ಕೈ ಜಾಸ್ತಿ ಇದ್ದವು, ನಮ್ಮನೆಯವರ ಕೈಯೂ ಅದರಲ್ಲಿತ್ತು. ನಾನು ಟೀ ತೆಗೆದುಕೊಂಡು ಹೋಗಿ ಎಲ್ಲರಿಗೂ ಕೊಟ್ಟೆ. ಎಲ್ಲರೂ ಲೋಟ ನೋಡುತ್ತಾ ತೆಗೆದುಕೊಂಡರು. ಖಜಾಂಚಿ ಮಾತ್ರ ನನ್ನ ಮುಖ ನೋಡಿದರು.

ಜನ ಹೋದ ಮೇಲೆ ನಾನು ಜಗಳ ಆಡಿದೆ. ಮೇಲಿನ ಓನರ್ ಅಮ್ಮನಿಗೆ ಕೇಳುವ ಹಾಗೆ ಆಡಿದೆ. ನನಗೆ ನಿಮ್ಮ ದುಡ್ಡು ಬೇಡ, ಕಾರ್ಡು ಬೇಕು, ನಿಮ್ಮ ಮಾತ್ರೆಗೆ ಬೇಕು ಎಂದೆ. ಅವರು ಗೋಡೆಗೊರಗಿ ಕೂತು ಕೇಳಿಸಿಕೊಂಡರು. ಅವರ ಹೆದರಿಕೆ ಸುಳ್ಳಲ್ಲ. ಹಿಂದೊಬ್ಬ ಲೀಡರ್ ಬಾಮೈದನಿಗೆ ಕ್ಯಾಂಟೀನಿನಲ್ಲಿ ಕೆಲಸ ಕೊಡಿಸಿದ ಎಂದು ಯೂನಿಯನ್ನೇ ಎರಡು ಹೋಳಾಗಿತ್ತು. ಅದನ್ನು ನೋಡಿ ಬೆಂದವರು ಇವರು. ನನಗೆ ಅದೆಲ್ಲ ಅರ್ಥವಾಗುತ್ತಿತ್ತು. ಅರ್ಥವಾಗದೇ ಇದ್ದದ್ದು ಆ ಎರಡನೆಯ ಮಾತು. ಕಾಲರ್ ಕೂರಿಸುವುದು ಕೆಲಸ, ಇದು ಕೆಲಸ ಅಲ್ಲವಾ ಎಂದು ಕೇಳಿದೆ. ನಿನ್ನನ್ನ ಸಂಬಳದ ಆಳು ಅಂತ ಹೇಗೆ ಬರೆಸಲಿ ಎಂದರು. ಅವರ ಲೆಕ್ಕದಲ್ಲಿ ಅದು ನನ್ನ ಮೇಲಿನ ಗೌರವ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಮತ್ತೆ ಗಾರ್ಮೆಂಟ್ಸಿಗೆ ಹೋಗುತ್ತೇನೆ ಎಂದೆ. ಈ ಬೇಡಿಕೆ ಒಂದು ಮುಗಿಯಲಿ, ಆಮೇಲೆ ಹೋಗುವೆಯಂತೆ ಎಂದರು.

ಆ ಬೇಡಿಕೆ ಏನಿತ್ತು ಅಂತೀರಿ? ಕಾಂಟ್ರ್ಯಾಕ್ಟ್ ಹುಡುಗರಿಗೆಲ್ಲ ಇಎಸ್‌ಐ ಕೊಡಿಸುವುದು. ಅದಕ್ಕಾಗಿ ಗೇಟಿನಲ್ಲಿ ಧರಣಿ, ಲೇಬರ್ ಆಫೀಸಿಗೆ ಅಲೆದಾಟ, ಪಾಂಪ್ಲೆಟ್ಟು. ಕಾರ್ಡಿಲ್ಲದ ಮನೆ ಅಂದರೆ ಬಾಗಿಲಿಲ್ಲದ ಮನೆ ಎಂದು ನಮ್ಮನೆಯವರು ಮೈಕಿನಲ್ಲಿ ಹೇಳಿದರೆ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಹೇಳುವವರ ಮನೆಯಲ್ಲಿ ಕಾರ್ಡಿಲ್ಲ ಎಂಬುದು ಕಮಿಟಿಯ ಎಲ್ಲರಿಗೂ ಗೊತ್ತಿತ್ತು. ಆ ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಬೇಡಿಕೆ ಅನ್ನುವುದು ಅವರಿಗೆ ಯಾವಾಗಲೂ ಮಾಲೀಕನ ಮುಂದೆ ಇಡುವಂಥದ್ದು. ನಮ್ಮ ಹಾಲಿನಲ್ಲಿ ಮಾಲೀಕ ಯಾರೂ ಇರಲಿಲ್ಲವಲ್ಲ.

ಅಷ್ಟರಲ್ಲಿ ನನ್ನ ಕಾರ್ಡೂ ನಿಂತಿತ್ತು. ಮಾತ್ರೆಗೇನು ಮಾಡುತ್ತೀರಿ ಎಂದು ಕೇಳಿದರೆ ಖಜಾಂಚಿಯವರ ಪರಿಚಯದ ಮೆಡಿಕಲ್ ಶಾಪಿನವನು ಕೊಡುತ್ತಾನೆ ಎನ್ನುತ್ತಿದ್ದರು. ಬೆಳಿಗ್ಗೆ ನೀರು ಕುಡಿಯುವಾಗ ಬಾಯಿಗೆ ಏನೋ ಹಾಕಿಕೊಳ್ಳುವುದನ್ನು ನೋಡಿದ್ದೆ. ಬಂದವರ ಗದ್ದಲದಲ್ಲಿ ಅದಕ್ಕಿಂತ ಹೆಚ್ಚು ನೋಡಲು ನನಗೆ ಪುರುಸೊತ್ತು ಎಲ್ಲಿತ್ತು?

ಹುಡುಗರಿಗೆ ಇಎಸ್‌ಐ ಆಯಿತು. ಕಂಪನಿ ಒಪ್ಪಿ ಸಹಿ ಹಾಕಿದ ದಿನ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೈಸೂರುಪಾಕಿನ ಡಬ್ಬಿ ಹಂಚಿದರು, ಬೀದಿಯಲ್ಲಿ ಪಟಾಕಿ ಹೊಡೆದರು. ಗದಗದ ಕಡೆಯ ಹುಡುಗನೊಬ್ಬ ನನ್ನ ಕಾಲಿಗೇ ಬಿದ್ದ. ನಮ್ಮನೆಯವರ ಮುಖ ಕೆಂಪಗಾಗಿತ್ತು, ಕಣ್ಣು ಕೂಡ. ಖುಷಿಗೆ ಎಂದುಕೊಂಡೆ. ತಲೆ ಸಿಡಿಯುತ್ತಿದೆ ಎಂದು ಅವರು ನನಗೆ ಹೇಳಿದ್ದು ಮಾರನೆಯ ದಿನ ಬೆಳಿಗ್ಗೆ. ಅಂಗಿ ಹಾಕಿಕೊಳ್ಳುತ್ತಿದ್ದವರು ಒಂದು ತೋಳು ಸೇರಿಸಲಾಗದೆ ನಿಂತರು. ನನ್ನನ್ನು ಏನೋ ಕೇಳಲು ಹೋದರು, ಮಾತು ತೊದಲಿತು. ಹಾಗೇ ಕುಸಿದರು.

ಹುಡುಗರು ಆಟೋದಲ್ಲಿ ಹಾಕಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಹೋದರು, ಅಲ್ಲಿಂದ ದೊಡ್ಡಾಸ್ಪತ್ರೆಗೆ. ತಲೆಯೊಳಗೆ ರಕ್ತ ಸೋರಿದೆ ಎಂದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ನಿಧಾನವಾಗಿ ಕೇಳಿದರು, ಬಿಪಿಗೆ ಯಾವ ಮಾತ್ರೆ ತಗೊಳ್ತಿದ್ರು ಎಂದು. ನನ್ನ ಹಿಂದೆ ನಿಂತಿದ್ದ ಖಜಾಂಚಿ ಆಗ ನಿಜ ಹೇಳಿದರು. ಮೆಡಿಕಲ್ ಶಾಪಿನವನೂ ಇಲ್ಲ, ಪರಿಚಯವೂ ಇಲ್ಲ. ಕೊಳ್ಳಲು ದುಡ್ಡು ಸಾಲದೆ ಮೊದಲು ಮಾತ್ರೆಯನ್ನು ಅರ್ಧ ಮಾಡಿ ತಿನ್ನುತ್ತಿದ್ದರಂತೆ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ನಿಲ್ಲಿಸಿದ್ದರಂತೆ. ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು ಲವಂಗ. ಅವಳಿಗೆ ಹೇಳಬೇಡಿ, ಮತ್ತೆ ಗಾರ್ಮೆಂಟ್ಸಿಗೆ ಹೊರಟುಬಿಡ್ತಾಳೆ ಎಂದು ಖಜಾಂಚಿಯ ಹತ್ತಿರ ಮಾತು ತಗೊಂಡಿದ್ದರಂತೆ.

ಮೂರನೆಯ ದಿನ ಹೋದರು. ಆಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿದರು. ಅವರನ್ನು ದೂರುವಂತಿಲ್ಲ.

ಹೆಣವನ್ನು ಯೂನಿಯನ್ ಬಾವುಟದಲ್ಲಿ ಸುತ್ತಿ ಫ್ಯಾಕ್ಟರಿ ಗೇಟಿನ ಮುಂದೆ ಇಟ್ಟರು. ಪೀಣ್ಯದ ಅಷ್ಟೂ ಕಾರ್ಖಾನೆಗಳಿಂದ ಜನ ಬಂದರು. ಅಂಥ ಸಾವು ಯಾರಿಗೆ ಸಿಗುತ್ತದೆ ಎಂದು ಹೆಂಗಸರು ನನಗೆ ಸಮಾಧಾನ ಹೇಳಿದರು. ನನಗೆ ಅಂಥ ಸಾವು ಬೇಕಿರಲಿಲ್ಲ, ಬಿಪಿ ಮಾತ್ರೆ ತಿಂದುಕೊಂಡು ಗೊಣಗುತ್ತಾ ಕೂತಿರುವ ಒಬ್ಬ ಗಂಡಸು ಬೇಕಿತ್ತು. ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದವರೆಲ್ಲ ಅವರ ತ್ಯಾಗ ಹೇಳಿದ ಮೇಲೆ ನನ್ನ ತ್ಯಾಗಕ್ಕೆ ಬರುತ್ತಿದ್ದರು. ಎರಡು ಮಾತು ಆಡಿ ಎಂದು ಮೈಕು ನನ್ನ ಕೈಗೆ ಕೊಟ್ಟರು. ನಾನು ತ್ಯಾಗ ಮಾಡಿಲ್ಲ, ನನ್ನನ್ನು ಕೇಳಿದ್ದರೆ ಆಗಲ್ಲ ಅಂತಿದ್ದೆ ಎಂದು ಹೇಳಿ ಮೈಕು ವಾಪಸ್ ಕೊಟ್ಟೆ. ದುಃಖದಲ್ಲಿದ್ದಾರೆ ಪಾಪ ಎಂದು ಯಾರೋ ಅಂದದ್ದು ಮೈಕಿನಲ್ಲೇ ಕೇಳಿಸಿತು.

ತಿಂಗಳು ಕಳೆದ ಮೇಲೆ ಕಮಿಟಿಯವರು ಮನೆಗೆ ಬಂದರು. ಈ ಸಲ ನನ್ನನ್ನು ಹಾಲಿನಲ್ಲೇ ಕುರ್ಚಿ ಹಾಕಿ ಕೂರಿಸಿದರು. ಯೂನಿಯನ್ನಿಗೆ ಮುಖ್ಯರಸ್ತೆಯಲ್ಲಿ ಬೇರೆ ಆಫೀಸು ಬಾಡಿಗೆಗೆ ಹಿಡಿದಿದ್ದಾರಂತೆ. ಅಲ್ಲಿ ನನಗೆ ಕೆಲಸ ಕೊಡಬೇಕು ಎಂದು ತೀರ್ಮಾನವಾಗಿದೆಯಂತೆ, ಎಲ್ಲರೂ ಕೈ ಎತ್ತಿದರಂತೆ. ಏನು ಕೆಲಸ ಎಂದು ಕೇಳಿದೆ.

“ಬಾಗಿಲು ತೆಗೆಯೋದು, ಬಂದೋರನ್ನ ಕೂರಿಸಿ ಮಾತಾಡ್ಸೋದು, ಟೀ ಮಾಡೋದು. ನೀವು ಮಾಡ್ತಿದ್ದದ್ದೇ ಅಕ್ಕ” ಎಂದರು ಅಧ್ಯಕ್ಷರು. “ಸೊಸೈಟಿ ಲೆಕ್ಕದಲ್ಲಿ ಸಂಬಳ, ಇಎಸ್‌ಐನೂ ಕಟ್ತೀವಿ. ಈಗ ಯಾರೂ ಏನೂ ಅನ್ನೋಹಂಗಿಲ್ಲ.”

ನಾನು ಎಲ್ಲರ ಮುಖವನ್ನೂ ನೋಡಿದೆ. ಅವರಲ್ಲಿ ಒಬ್ಬರಿಗೂ ತಾವೇನು ಹೇಳುತ್ತಿದ್ದೇವೆ ಎಂದು ಗೊತ್ತಿರಲಿಲ್ಲ. ಕೆಟ್ಟವರಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡೇ ಬಂದಿದ್ದರು. ಆ ಕೆಲಸವನ್ನು ಅವರ ಮುಖದ ಮೇಲೇ ಎಸೆಯಬೇಕು ಅನ್ನಿಸಿತು. ಆದರೆ ಬಾಡಿಗೆ ಕಟ್ಟಬೇಕಿತ್ತು, ಗಾರ್ಮೆಂಟ್ಸಿನ ಮೆಷಿನ್ ಮುಂದೆ ದಿನವಿಡೀ ಕೂರುವ ಸೊಂಟ ನನಗೆ ಉಳಿದಿರಲಿಲ್ಲ. ಸರಿ ಎಂದೆ.

ಮೊದಲ ತಿಂಗಳೇ ಕಾರ್ಡಿಗೆ ಅರ್ಜಿ ಹಾಕಿಸಿದರು. ಫ್ಯಾಮಿಲಿ ಫೋಟೋ ಬೇಕು ಅಕ್ಕ, ಎಲ್ಲರೂ ಒಟ್ಟಿಗೆ ಇರೋದು ಎಂದು ಸೊಸೈಟಿಯ ಗುಮಾಸ್ತ ಅಭ್ಯಾಸಬಲದಿಂದ ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡ. ಸಂಜೆ ಬಸ್ ಸ್ಟಾಪಿನ ಪಕ್ಕದ ಸ್ಟುಡಿಯೋಗೆ ಹೋದೆ. ಇಎಸ್‌ಐಗೆ ಫ್ಯಾಮಿಲಿ ಫೋಟೋ ಬೇಕು ಎಂದೆ. ಅವನು ನೀಲಿ ಪರದೆ ಎಳೆದು, ದೀಪ ಹಾಕಿ, ಉದ್ದನೆಯ ಬೆಂಚು ತಂದಿಟ್ಟ. ನಾನು ಬೆಂಚಿನ ನಡುವೆ ಕೂತೆ. ಸ್ವಲ್ಪ ಪಕ್ಕಕ್ಕೆ ಸರೀರಿ ಮೇಡಂ, ಉಳಿದೋರಿಗೆ ಜಾಗ ಬಿಡಿ ಎಂದ. ಸರಿದು ಕೂತೆ. ಅವನು ಕ್ಯಾಮೆರಾ ಹಿಡಿದು ಬಾಗಿಲ ಕಡೆ ನೋಡುತ್ತಾ ನಿಂತ. ಯಾರೂ ಬರಲ್ಲ, ತೆಗೀರಿ ಎಂದೆ.